ಎಣಿಕೆಗೆ ಸೇರಿದವರು

ಎಲ್ಮ್‌ಡೇಲ್, ಅಯೋವಾ
ಫೆಬ್ರುವರಿ 11, ಮಂಗಳವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೇ, ಇಲ್ಲ ಮತ್ತೆ ಮೆಟ್ಟಿಲಿನ ಮೇಲಿನ ಹಿಮ ಕೆರೆಯಲು ನೀನೇ ಹೋಗಿ ನೋವು ಹೆಚ್ಚಿಸಿಕೊಂಡೆಯಾ? ಪಕ್ಕದ ಮನೆಯವರು ತಾವಾಗಿ ಬಂದು ಕೆರೆದುಕೊಡುತ್ತೇವೆ ಎಂದರೆ ಬೇಡ ಅನ್ನಬೇಡ, ಅವರಿಗೂ ಒಂದು ಪುಣ್ಯ ಬೇಕು ತಾನೇ. ನಾನು ಚೆನ್ನಾಗಿದ್ದೇನೆ. ನೀನು ಹೆಣೆದುಕೊಟ್ಟ ಕಾಲುಚೀಲ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಗುರುವಾರ ಫೋನಿನಲ್ಲಿ ‘ಎಲ್ಲಾ ಚೆನ್ನಾಗಿ ಆಯ್ತಮ್ಮಾ’ ಎಂದೆ, ನೀನು ‘ಆಂ? ಏನಾಯ್ತು? ಜ್ವರಾನಾ?’ ಎಂದೆ. ಆ ಕಿವಿಯ ಯಂತ್ರವನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಅದಕ್ಕೆ ಹೇಗೆ ಕೇಳಿಸೀತು? ಅದಕ್ಕೇ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ಟೀ ಮಾಡಿಕೊಂಡು ಬಂದು ಓದು.

ಬುಧವಾರ ಮಧ್ಯಾಹ್ನ ನಮ್ಮೂರಿನ ಬಸ್ಸು ನಿಂತುಹೋಯಿತೆಂದು ಗೊತ್ತಾದಾಗ ನಾನು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ಹಿಮ ಎಷ್ಟು ಬಿದ್ದಿತ್ತೆಂದರೆ ಬೇಲಿ ಯಾವುದು, ದಾರಿ ಯಾವುದು ಎಂದು ಹೇಳುವಂತಿರಲಿಲ್ಲ. ಆ ಸಂಜೆ ಶುರುವಾಗುವ ಅಪ್ಪನ ವರ್ಷದ ದಿನಕ್ಕೆ ನಾನು ನಿನ್ನ ಪಕ್ಕದಲ್ಲಿ ಇರುವುದಿಲ್ಲ ಎಂದು ಆಗ ಹೊಳೆಯಿತು. ಸಂಜೆಗೆ ದೀಪವನ್ನಾದರೂ ಹಚ್ಚೋಣವೆಂದರೆ ಹಾಸ್ಟೆಲಿನಲ್ಲಿ ಬೆಂಕಿಕಡ್ಡಿ ಗೀರುವ ಹಾಗಿಲ್ಲ. ಕೊನೆಗೆ ಆಸರೆ ಕೊಟ್ಟವರು ಹೆನ್ರಿಯೆಟ್ಟಾ. ನಮ್ಮ ಕಾಲೇಜಿನ ಪಾದ್ರಿ. ಬೆಳ್ಳಿಕೂದಲು, ಗಂಡಸರ ಬೂಟು, ಯಾರ ಮಾತನ್ನೂ ಮಧ್ಯದಲ್ಲಿ ತುಂಡರಿಸದ ಹೆಂಗಸು. ವಿದ್ಯಾರ್ಥಿ ಭವನದ ಮಹಡಿಯಲ್ಲಿರುವ ಅವರ ಕೋಣೆಯಲ್ಲೇ ವಾರಕ್ಕೊಮ್ಮೆ ‘ಬುಧವಾರದ ಮೇಜು’ ಸೇರುವುದು. ಬೇರೆ ಬೇರೆ ಧರ್ಮದವರು ಒಟ್ಟಿಗೆ ಕೂತು ಮಾತಾಡುವ ಕೂಟ ಅದು. ‘ಅಲ್ಲಿ ಏನ್ ಮಾಡ್ತೀರೇ?’ ಎಂದು ನೀನು ಕೇಳಿದಾಗ ‘ಜಗಳ ಆಡ್ತೀವಿ, ಬಿಸ್ಕತ್ತು ತಿಂತೀವಿ’ ಎಂದಿದ್ದೆನಲ್ಲ, ಅದೇ. ಅವರು ತಮ್ಮ ಕಾಗದಗಳನ್ನೆಲ್ಲ ಸರಿಸಿ ಕಿಟಕಿಯ ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟರು. ಅಲ್ಲಿ ಅಪ್ಪನ ದೀಪ ಹಚ್ಚಿದೆ.

ಎಮಿನಾಳ ವಿಷಯ ನಿನಗೆ ಅರ್ಧವನ್ನೇ ಹೇಳಿದ್ದೆ. ನನ್ನ ಕೋಣೆಯವಳು, ಬೋಸ್ನಿಯಾದಿಂದ ಬಂದ ಮುಸ್ಲಿಮರ ಮಗಳು ಎಂಬುದಷ್ಟೇ ನಿನಗೆ ಗೊತ್ತು. ಅಪ್ಪ ಹೋಗುವ ಮೊದಲಿನ ಶರತ್ಕಾಲದಲ್ಲಿ, ನಮ್ಮ ಯಹೂದಿ ನಾಡಿನ ಯುದ್ಧದ ಸುದ್ದಿ ದಿನಾ ಬರುತ್ತಿದ್ದಾಗ, ಬುಧವಾರದ ಮೇಜಿನಲ್ಲಿ ನಾವಿಬ್ಬರೂ ಆಡಬಾರದ ಮಾತು ಆಡಿಕೊಂಡೆವು. ‘ನಿನ್ನ ಕಣ್ಣಿಗೆ ನಿಮ್ಮೋರು ಸತ್ರೆ ಮಾತ್ರ ಸಾವು’ ಎಂದಳು. ‘ನಿನಗೆ ಮಾತ್ರ ಬೇರೇನಾ?’ ಎಂದೆ ನಾನು. ಆ ಸಂಜೆ ಅವಳು ಬೀರುವನ್ನು ಎಳೆದು ಇಬ್ಬರ ಹಾಸಿಗೆಯ ನಡುವೆ ಗೋಡೆಯಂತೆ ನಿಲ್ಲಿಸಿದಳು. ಉಪ್ಪು ಬೇಕಾದರೂ ಮೂರನೆಯವರ ಮೂಲಕ ಕೇಳುವ ಸ್ಥಿತಿ. ಆಮೇಲೆ ಚಳಿಗಾಲದಲ್ಲಿ ಅಪ್ಪ ಹೋದರು. ನಾನು ಏಳು ದಿನದ ಶೋಕದ ಶಿವಾ ಮುಗಿಸಿ ಮರಳಿ ಬಂದಾಗ ಬೀರು ತನ್ನ ಹಳೆಯ ಮೂಲೆಗೆ ಹೋಗಿತ್ತು. ಎಮಿನಾ ಬಹಳ ದಿನಗಳ ಮೇಲೆ ತನ್ನ ಅಜ್ಜನ ಕಥೆ ಹೇಳಿದಳು. ಬೋಸ್ನಿಯಾದ ಯುದ್ಧದಲ್ಲಿ ಅವರ ಊರಿನ ಗಂಡಸರನ್ನೆಲ್ಲ ಕೊಂದು ಹೂತುಬಿಟ್ಟಿದ್ದರಂತೆ. ಅಜ್ಜನ ಮೂಳೆ ಸಿಕ್ಕಿದ್ದು ಎಷ್ಟೋ ವರ್ಷಗಳಾದ ಮೇಲೆ. ಮಣ್ಣು ಮಾಡುವ ದಿನ, ಪ್ರಾರ್ಥನೆಗೆ ಸಾಲು ನಿಲ್ಲಲು ಆ ಮನೆತನದಲ್ಲಿ ಒಬ್ಬ ಗಂಡಸೂ ಉಳಿದಿರಲಿಲ್ಲ. ‘ಪಕ್ಕದ ಊರಿಂದ ಗುರುತಿಲ್ಲದೋರು ಬಂದು ನಿಂತ್ರು ಕಣೇ. ಅವರ ಹೆಸರೂ ನಮ್ಮಜ್ಜಿಗೆ ಗೊತ್ತಿಲ್ಲ, ಇವತ್ತಿಗೂ ದುವಾ ಮಾಡ್ತಾಳೆ’ ಎಂದಳು.

ಹಾಗಾಗಿ ಬುಧವಾರ ಆ ದೀಪದ ಮುಂದೆ ನಾನು ‘ಅಪ್ಪನಿಗೆ ಕದ್ದೀಶ್ ಪ್ರಾರ್ಥನೆ ಹೇಳೋಕೆ ಆಗಲ್ಲ, ಅದಕ್ಕೆ ಹತ್ತು ಜನ ಯಹೂದಿಗಳು ಬೇಕು, ಇಲ್ಲಿ ಎಲ್ಲಿ ಸಿಗ್ತಾರೆ’ ಎಂದಾಗ ಉಳಿದವರು ಅಯ್ಯೋ ಪಾಪ ಎಂದರು, ಎಮಿನಾ ಮಾತ್ರ ಕೋಟು ಕೈಗೆತ್ತಿಕೊಂಡಳು. ‘ಈಗ ಎಷ್ಟು ಜನ ಇದೀರಿ?’ ನಮ್ಮ ಯಹೂದಿ ವಿದ್ಯಾರ್ಥಿ ಸಂಘದಲ್ಲಿ ನನ್ನನ್ನೂ ಸೇರಿಸಿ ಏಳು ಎಂದೆ. ‘ಮೂರು ಜನ ತಾನೇ? ನಾಳೆ ಸೂರ್ಯ ಮುಳುಗೋವರೆಗೂ ಟೈಮಿದೆ. ಹುಡುಕೋಣ.’ ‘ನಿನಗ್ಯಾಕೆ ಈ ಉಸಾಬರಿ?’ ಎಂದರೆ, ‘ನನ್ನನ್ನ ಲೆಕ್ಕಕ್ಕೆ ಸೇರಿಸ್ಕೊಳ್ಳಲ್ಲ ಅಂತೀರಿ. ಹುಡುಕೋಕೂ ಬಿಡಲ್ವಾ?’ ಎಂದು ದಬಾಯಿಸಿದಳು.

ಅಮ್ಮಾ, ಕಳೆದ ವರ್ಷ ಮೆಂಡಲ್ ದೊಡ್ಡಪ್ಪ ನನಗೆ ಹೇಳಿದ್ದನ್ನು ನೀನೂ ಕೇಳಿಸಿಕೊಂಡಿದ್ದೆ. ‘ನೀನು ಹೆಣ್ಣುಮಗು, ಓದ್ಕೊ ಹೋಗು. ನನ್ನ ತಮ್ಮನಿಗೆ ಕದ್ದೀಶ್ ಹೇಳೋಕೆ ನಾನು ಸತ್ತಿದೀನಾ?’ ಅವರು ಹನ್ನೊಂದು ತಿಂಗಳೂ ತಪ್ಪದೆ ಹೇಳಿದರು, ಆ ಋಣ ನಾನು ಮರೆಯುವುದಿಲ್ಲ. ಆದರೆ ಪ್ರಾರ್ಥನಾಮಂದಿರದಲ್ಲಿ ಹೆಂಗಸರ ಪರದೆಯ ಹಿಂದೆ ನಿನ್ನ ಪಕ್ಕ ಕೂತು, ನನ್ನ ಅಪ್ಪನಿಗಾಗಿ ಬೇರೆಯವರು ಎದ್ದು ನಿಲ್ಲುವುದನ್ನು ಸಂದಿಯಿಂದ ನೋಡುವಾಗ ನನ್ನ ಕಾಲು ತಾನಾಗಿ ಎದ್ದು ನಿಲ್ಲಲು ಹವಣಿಸುತ್ತಿತ್ತು. ನಿನ್ನ ಕೈ ನನ್ನ ತೊಡೆಯ ಮೇಲಿರುತ್ತಿತ್ತು. ಕೂರಿಸಲೋ ಸಮಾಧಾನಕ್ಕೋ, ನಾನು ಯಾವತ್ತೂ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಹುಡುಕಾಟ ಶುರುವಾಯಿತು. ಬುಧವಾರದ ಮೇಜಿನ ಡೆಕ್ಲನ್ ಎಂಬ ಕ್ಯಾಥೊಲಿಕ್ ಹುಡುಗನ ಮನೆಯವರು ಕಾಲೇಜಿನ ಆಚೆಯೇ ಜೋಳ ಬೆಳೆಯುವವರು. ಅವನು ಅಪ್ಪನ ಟ್ರ್ಯಾಕ್ಟರು ತಂದೇಬಿಟ್ಟ. ಒಳ್ಳೆಯವನು, ಆದರೆ ಮಾತಿಗೆ ಹಿಂದುಮುಂದಿಲ್ಲ. ಊರಿನ ಒಂದೇ ಒಂದು ಲಾಡ್ಜಿಗೆ ಹೋಗಿ, ತಿಂಡಿ ತಿನ್ನುತ್ತಿದ್ದವರ ನಡುವೆ ನಿಂತು, ‘ಇಲ್ಲಿ ಯಾರಾದ್ರೂ ಯಹೂದಿಗಳಿದೀರಾ?’ ಎಂದು ಗಟ್ಟಿಯಾಗಿ ಕೂಗಿದನಂತೆ! ಇಡೀ ಕೋಣೆ ತಿರುಗಿ ನೋಡಿತು. ಆಮೇಲೆ ಮೂಲೆಯಿಂದ ಒಂದು ದನಿ ಬಂತು. ‘ಕೇಳ್ತಿರೋದು ಯಾರು? ಯಾಕೆ?’ ಅದು ಮೋರಿ ಗ್ರಾಬಾಯ್ಸ್, ಒಮಾಹಾದಿಂದ ಬಿತ್ತನೆ ಬೀಜ ಮಾರಲು ಬಂದು ಹಿಮದಲ್ಲಿ ಸಿಕ್ಕಿಕೊಂಡಿದ್ದವರು. ‘ನಮ್ಮೋರನ್ನ ಯಾರಾದ್ರೂ ಹಾಗೆ ಕೂಗಿ ಕರೆದ್ರೆ ಹಿಂಬಾಗಿಲು ಎಲ್ಲಿದೆ ಅಂತ ನೋಡೋದು ಅಭ್ಯಾಸ ಆಗಿದೆಯಮ್ಮ’ ಎಂದು ಆಮೇಲೆ ನನ್ನೆದುರೇ ನಕ್ಕರು. ಆದರೆ ವಿಷಯ ತಿಳಿದದ್ದೇ ತಟ್ಟೆ ಬಿಟ್ಟು ಎದ್ದರಂತೆ. ‘ಕದ್ದೀಶ್‌ಗೆ ಕರೆದ್ರೆ ಇಲ್ಲ ಅನ್ನೋಕೆ ಆಗತ್ತಾ, ನಡಿಯಪ್ಪಾ.’

ಎರಡನೆಯವಳು ತಾನಾಗಿ ಬಂದಳು. ಊಟದ ಹಾಲಿನಲ್ಲಿ ಎಮಿನಾ ಮೇಜಿಂದ ಮೇಜಿಗೆ ಹೋಗಿ ಕೇಳುತ್ತಿದ್ದಾಗ, ವಾಲಿಬಾಲ್ ತಂಡದ ಬ್ರಿನ್ ಓಲ್ಸೆನ್ ಎಂಬ ಬಾಗಿಲೆತ್ತರದ ಹುಡುಗಿ ತಟ್ಟೆ ಹಿಡಿದುಕೊಂಡೇ ನನ್ನ ಮುಂದೆ ನಿಂತಳು. ‘ನನ್ನ ಅಮ್ಮನ ಅಮ್ಮ ಯಹೂದಿ. ನಮ್ಮನೇಲಿ ಕ್ರಿಸ್ಮಸ್ ಬಿಟ್ಟು ಏನೂ ಮಾಡಲ್ಲ. ನಾನು ಅರ್ಧಕ್ಕಾದ್ರೂ ಲೆಕ್ಕಕ್ಕೆ ಬರ್ತೀನಾ?’ ‘ಅರ್ಧ ಅಲ್ವೇ, ಪೂರ್ತಿ’ ಎಂದೆ. ತಾಯಿಯ ಕಡೆಯಿಂದ ಬಂದದ್ದು ಹೋಗುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಮುಖ ನೀನು ನೋಡಬೇಕಿತ್ತು ಅಮ್ಮಾ.

ಆಮೇಲೆ ಯಾರೂ ಸಿಗಲಿಲ್ಲ. ಹೊತ್ತು ಇಳಿಯುತ್ತ ಬಂತು. ಎಲ್ಲರೂ ಹೆನ್ರಿಯೆಟ್ಟಾ ಅವರ ಕೋಣೆಯಲ್ಲಿ ಸೇರಿ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದೆವು. ಆಗ ಎಮಿನಾ ಇದ್ದಕ್ಕಿದ್ದಂತೆ, ‘ನಿಮ್ಮಮ್ಮ ಪಾತ್ರೆ ಒಡೆದಾಗ ಏನೋ ಕೂಗ್ತಾರೆ ಅಂದಿದ್ಯಲ್ಲ, ಏನದು?’ ಎಂದಳು. ‘ಗೆವಾಲ್ಟ್. ಯಹೂದಿ ಮನೆಗಳ ಅಯ್ಯಯ್ಯೋ ಅದು’ ಎಂದೆ. ‘ಅದೇ!’ ಎಂದು ಹೊರಟೇಬಿಟ್ಟಳು. ಅವಳು ಭೂವಿಜ್ಞಾನದ ಪ್ರೊಫೆಸರ್ ವಾರೆನ್ ಲೇಕ್ ಅವರ ಪ್ರಯೋಗಾಲಯದಲ್ಲಿ ಸಹಾಯಕಿ. ಒಂದು ದಿನ ಕಲ್ಲುಗಳ ತಟ್ಟೆಯನ್ನು ಕೈಜಾರಿ ಬೀಳಿಸಿದಾಗ ಅವರ ಬಾಯಿಂದ ಅದೇ ಮಾತು ಬಂದಿತ್ತಂತೆ. ನೋಡು, ನಿನ್ನ ಪಾತ್ರೆಗಳು ಎಷ್ಟು ದೂರದಲ್ಲಿ ಉಪಯೋಗಕ್ಕೆ ಬಂದವು!

ಪ್ರೊಫೆಸರ್ ಬಾಗಿಲು ತೆರೆದು, ವಿಷಯ ಕೇಳಿ, ಮತ್ತೆ ಮುಚ್ಚಲು ಹೋದರಂತೆ. ‘ನಮ್ಮಪ್ಪ ಹೆಸರು ಬದಲಾಯಿಸಿಕೊಂಡೇ ಈ ದೇಶದಲ್ಲಿ ಕೆಲಸ ಹಿಡಿದದ್ದು. ಅವರು ಹೋದಾಗ ನಾನು ಏನೂ ಹೇಳಲಿಲ್ಲ, ಮಾಡಲಿಲ್ಲ. ನನಗೆ ದೇವರ ಮೇಲೆ ನಂಬಿಕೆಯಿಲ್ಲ. ನನ್ನಂಥವನು ಬಂದು ಏನು ಪ್ರಯೋಜನ?’ ಎಮಿನಾ ಬಾಗಿಲಿಗೆ ಬೂಟು ಅಡ್ಡ ಇಟ್ಟಳಂತೆ. ‘ಸರ್, ನೀವು ನಂಬ್ತೀರಾ ಅಂತ ಅವಳು ಕೇಳ್ತಿಲ್ಲ. ನಿಂತ್ಕೋತೀರಾ ಅಂತ ಕೇಳ್ತಿದಾಳೆ. ನಮ್ಮಜ್ಜನಿಗೆ ನಿಂತವರು ಯಾರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನಿಂತ್ರು.’ ಅವರು ಟೋಪಿಗಾಗಿ ಒಳಗೆ ಹೋದರಂತೆ.

ಮಹಡಿಯ ಕಿಟಕಿಯಿಂದ ನಾವು ನೋಡಿದ್ದು ಇದು: ಬಿಳಿಯ ಬಯಲಲ್ಲಿ ಹಸಿರು ಟ್ರ್ಯಾಕ್ಟರು ಗುಡುಗುತ್ತ ಬರುತ್ತಿದೆ, ಡೆಕ್ಲನ್ ಓಡಿಸುತ್ತಿದ್ದಾನೆ, ಒಂದು ಚಕ್ರದ ಮೇಲಿನ ರೆಕ್ಕೆಯ ಮೇಲೆ ಎಮಿನಾ, ಇನ್ನೊಂದರ ಮೇಲೆ ಕರಿ ಟೋಪಿ ಕೈಯಲ್ಲಿ ಒತ್ತಿ ಹಿಡಿದ ಮುದುಕ ಪ್ರೊಫೆಸರು, ದಿಬ್ಬಣದ ಮದುಮಗನ ಹಾಗೆ ನೆಟ್ಟಗೆ ಕೂತಿದ್ದಾರೆ. ಬ್ರಿನ್ ಶಿಳ್ಳೆ ಹೊಡೆದಳು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಇನ್ನೇನು ಶುರು ಮಾಡಬೇಕು, ಆಗ ಯೋನಾ ಎದ್ದು ನಿಂತ. ನಮ್ಮ ಸಂಘದಲ್ಲಿ ಕಟ್ಟುನಿಟ್ಟಿನ ಮನೆಯಿಂದ ಬಂದವನು ಅವನೊಬ್ಬನೇ. ದೊಡ್ಡಪ್ಪನದೇ ಪಂಥ ಅನ್ನು. ಮಿನ್ಯಾನ್‌ನ ಹತ್ತು ಜನರಲ್ಲಿ ಹೆಣ್ಣುಗಳನ್ನು ಎಣಿಸುವುದಿಲ್ಲ. ಅವನ ಮುಖ ಕೆಂಪಾಗಿತ್ತು. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವನು ತಿರುಗಿದ. ‘ತಿರ್ಜಾ, ನನ್ನ ಲೆಕ್ಕದಲ್ಲಿ ಇದು ಮಿನ್ಯಾನ್ ಅಲ್ಲ. ಸುಳ್ಳು ಹೇಳಲ್ಲ. ಆದ್ರೆ ನಾನು ಹೊರಗೆ ಹೋದ್ರೆ ನಿನ್ನ ಲೆಕ್ಕದಲ್ಲೂ ಆಗಲ್ಲ. ಅದಕ್ಕೇ ಹೋಗಲ್ಲ.’ ಹಾಗೆಂದು ಗೋಡೆಗೆ ಒರಗದೆ, ಕಾಲು ಜೋಡಿಸಿ ನೆಟ್ಟಗೆ ನಿಂತ. ನನ್ನ ಜೊತೆ ಒಪ್ಪಿದವರೆಲ್ಲರಿಗಿಂತ ಅವನು ಕೊಟ್ಟದ್ದು ದೊಡ್ಡದೆಂದು ನನಗೆ ಅನ್ನಿಸಿತು.

ನಾನು ಹೇಳಿದೆ ಅಮ್ಮಾ. ಅಪ್ಪನಿಗಾಗಿ ನಾನೇ ಎದ್ದು ನಿಂತು ಹೇಳಿದೆ. ಮೊದಲ ಸಾಲುಗಳು ಸಲೀಸಾಗಿ ಬಂದವು. ಮಧ್ಯದಲ್ಲಿ, ಆ ಸ್ತುತಿಯ ಮಾತುಗಳು ಒಂದರ ಹಿಂದೆ ಒಂದು ಬರುತ್ತವಲ್ಲ, ಅಲ್ಲಿ ಮುಂದಿನ ಮಾತು ತಪ್ಪಿಹೋಯಿತು. ಅಪ್ಪ ಬೆಳಿಗ್ಗೆ ಗಡ್ಡ ಹೆರೆಯುತ್ತ ತಪ್ಪುತಪ್ಪಾಗಿ ಹಾಡುವುದು ಕಿವಿಯಲ್ಲಿ ಬಂದುಬಿಟ್ಟಿತ್ತು. ಆಗ ನನ್ನ ಹಿಂದಿನಿಂದ ಒಂದು ಒಡಕು ದನಿ ಮುಂದಿನ ಮಾತನ್ನು ಎತ್ತಿಕೊಂಡಿತು. ಲೇಕ್ ಪ್ರೊಫೆಸರು! ತಮ್ಮಪ್ಪನಿಗೆ ಏನೂ ಹೇಳಲಿಲ್ಲ ಎಂದವರು ಪುಸ್ತಕ ನೋಡದೆ, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ನಾನು ಅವರ ದನಿ ಹಿಡಿದು ದಾಟಿದೆ. ಕೊನೆಯವರೆಗೆ ಇಬ್ಬರೂ ಒಟ್ಟಿಗೆ ಹೇಳಿದೆವು, ಒಬ್ಬರು ವರ್ಷದ ಹಿಂದೆ ಹೋದ ಅಪ್ಪನಿಗೆ, ಒಬ್ಬರು ಬಹಳ ಹಿಂದೆ ಹೋದ ಅಪ್ಪನಿಗೆ. ಆಮೆನ್ ಎಂದಾಗ ಬಾಗಿಲ ಬಳಿ ನಿಂತಿದ್ದವರೂ ಅಂದರು. ಎಮಿನಾಳದು ‘ಆಮೀನ್’, ಡೆಕ್ಲನ್‌ನದು ‘ಏಮೆನ್’. ಅದು ಬೇರೆ ಬೇರೆ ಮಾತೆಂದು ಆ ಕೋಣೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ಮುಗಿದ ಮೇಲೆ ಮೋರಿ ಗ್ರಾಬಾಯ್ಸ್ ಕೋಟಿನ ಒಳಜೇಬಿನಿಂದ ಒಂದು ಸಣ್ಣ ವಿಸ್ಕಿ ಬಾಟಲಿ ತೆಗೆದು ‘ಲೆಹಾಯಿಮ್! ಬದುಕಿಗೆ!’ ಎಂದರು. ಎಮಿನಾ ತನ್ನಮ್ಮ ಕಳಿಸಿದ್ದ ‘ಪಿತಾ’ ಎಂಬ ಗಿಣ್ಣು ತುಂಬಿದ ಪದರರೊಟ್ಟಿ ಬಿಸಿ ಮಾಡಿ ತಂದು, ಸೇಬಿನ ರಸದ ಲೋಟ ಎತ್ತಿದಳು. ಮಾಂಸ ಇಲ್ಲದ್ದೆಂದು ಅವಳೇ ವಿಚಾರಿಸಿ ಹೇಳಿದರೂ ಯೋನಾ ಮಡಿ ಬಿಡದೆ ತನ್ನ ಡಬ್ಬಿಯ ಕಿತ್ತಳೆಯನ್ನೇ ತಿಂದ, ಆದರೆ ಕೂತು ತಿಂದ, ಮತ್ತು ಪ್ರೊಫೆಸರ್ ಜೊತೆ ಭೂಮಿಯ ವಯಸ್ಸಿನ ಬಗ್ಗೆ ಜೋರು ಜಗಳಕ್ಕೆ ಬಿದ್ದ. ಹೆನ್ರಿಯೆಟ್ಟಾ ಬೂಟು ಬಿಚ್ಚಿ ನೆಲದ ಮೇಲೆ ಕೂತು ‘ಈ ಕೋಣೆಗೆ ಇಂಥ ದಿನ ಬಂದಿರಲಿಲ್ಲ’ ಎಂದರು. ಮರುದಿನ ಶುಕ್ರವಾರ ಸಂಜೆಯ ಶಬ್ಬಾತ್ ಪ್ರಾರ್ಥನೆಗೆ ಏಳು ಜನ ಬರುತ್ತಿದ್ದ ಜಾಗದಲ್ಲಿ ಕುರ್ಚಿ ಸಾಲಲಿಲ್ಲ. ಬ್ರಿನ್ ಅರ್ಧ ವಾಲಿಬಾಲ್ ತಂಡವನ್ನೇ ಎಳೆತಂದಿದ್ದಳು.

ದೊಡ್ಡಪ್ಪನಿಗೆ ನನ್ನ ನಮಸ್ಕಾರ ಹೇಳು. ಯೋನಾ ಹೇಳಿದ ಮಾತನ್ನು ಮಾತ್ರ ಓದಿ ಹೇಳು, ಮಿಕ್ಕಿದ್ದು ಅವರ ಬಾಯಿಂದಲೇ ಪ್ರಶ್ನೆಯಾಗಿ ಬರಲಿ. ಗುಳಿಗೆ ತಪ್ಪಿಸಬೇಡ. ಎಮಿನಾ ನಿನ್ನ ಕೈಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಮಗಳು,
ತಿರ್ಜಾ

ಮರೆತಿದ್ದೆ: ಅಂಚೆ ತೆಗೆಯುವವರು ಕೆಳಗೆ ಬಂದಿದ್ದಾರೆ, ಬೇಗ ಬರೆದುಬಿಡುತ್ತೇನೆ, ಇಲ್ಲವಾದರೆ ಧೈರ್ಯ ಹೋಗುತ್ತದೆ. ಕಾನೂನು ಓದುವ ಯೋಚನೆ ಬಿಟ್ಟೆ. ನಮ್ಮ ಧರ್ಮಗುರು, ರಬ್ಬಿ, ಆಗುವ ಓದಿಗೆ ನಿನ್ನೆ ಅರ್ಜಿ ಕಳಿಸಿದೆ. ಹೌದು, ನಾನೇ, ನಿನ್ನ ಮಗಳೇ, ಸರಿಯಾಗಿಯೇ ಓದಿದ್ದೀಯ. ನನ್ನ ಪರವಾಗಿ ಶಿಫಾರಸು ಬರೆದವರು ಒಬ್ಬ ಕ್ರೈಸ್ತ ಪಾದ್ರಿ ಮತ್ತು ದೇವರನ್ನು ನಂಬದ ಒಬ್ಬ ಕಲ್ಲುಗಳ ಪ್ರೊಫೆಸರು. ದೊಡ್ಡಪ್ಪನಿಗೆ ಮೊದಲು ಊಟ ಹಾಕಿ ಆಮೇಲೆ ಹೇಳು. ನೀನು ಬೇಡ ಅಂದರೂ ಹೋಗುತ್ತೇನೆ ಅಮ್ಮಾ. ಹೂಂ ಅಂದರೆ ಹಾಡಿಕೊಂಡು ಹೋಗುತ್ತೇನೆ.