‘ತಾಜಾ’ ಎಂಬ ತರಕಾರಿ

ಮಂಗಳವಾರ, ರಾತ್ರಿ.

ನಾಳೆಯೂ ಆರ್ಡರ್ ಬರದಿದ್ದರೆ ನಾದಿನಿಯ ಸೊಪ್ಪು ಮಡಿಯಲ್ಲೇ ಬಲಿತುಹೋಗುತ್ತಿತ್ತು. ನಮ್ಮ ಆಹಾರ ಸಹಕಾರ ಸಂಘದ ವೆಬ್‌ಸೈಟಿನಲ್ಲಿ ಅಂದಂದಿನ ಕೊಯ್ಲಿಗೆ ಆರ್ಡರ್ ಪಡೆಯುವ ‘ತಾಜಾ’ ಪುಟ ತೆರೆಯುತ್ತಲೇ ಇರಲಿಲ್ಲ.

“ಅತ್ತಿಗೆ, ತಾಜಾ ಅನ್ನೋ ತರಕಾರಿ ನಮ್ಮಲ್ಲಿಲ್ಲ ಅಂತಿದೆ ನಿಮ್ಮ ಸೈಟು! ನನ್ನ ಸೊಪ್ಪಿನ ಮಾನ ತೆಗೀತಲ್ಲ!” ಎಂದು ಫೋನಿನಲ್ಲೇ ರೇಗಿಸಿದಳು.

ಸೈಟಿನ ಯಾವ ವಿಳಾಸ ಒತ್ತಿದರೆ ಯಾವ ಪುಟ ತೆರೆಯಬೇಕು ಎಂಬ ಸಾಲುಗಳನ್ನು ಬರೆದವಳು ನಾನೇ. ತಡಕಾಡಿದ ಮೇಲೆ ತಿಳಿಯಿತು: ಕಂಪ್ಯೂಟರ್ ಮೇಲಿನಿಂದ ಓದುತ್ತಾ ಮೊದಲು ಹೊಂದಿದ ಸಾಲಿಗೇ ನಿಂತುಬಿಡುತ್ತದಂತೆ! ‘ಏನೇ ಬಂದರೂ ಅದು ತರಕಾರಿಯ ಹೆಸರು’ ಎಂಬ ಸಾಲನ್ನು ನಾನು ಎಲ್ಲಕ್ಕಿಂತ ಮೇಲೆ ಕೂರಿಸಿದ್ದೆ; ಅದು ‘ತಾಜಾ’ವನ್ನೂ ತರಕಾರಿಯೆಂದೇ ಹುಡುಕುತ್ತಿತ್ತು. ಆ ಸಾಲನ್ನು ಕೊನೆಗಿಳಿಸಿದೆ, ಪುಟ ತೆರೆಯಿತು.

“ಹಾಗಾದ್ರೆ ಬೆಳಿಗ್ಗೆ ಕೊಯ್ತೀನಿ” ಎಂದಳು ಸುದ್ದಿ ಕೇಳಿದ ನಾದಿನಿ.

ಮಲಗೋಣವೆಂದರೆ ಇನ್ನೊಂದು ಯೋಚನೆ. ‘ದೂರು’ ಪುಟಕ್ಕೆ ಈವರೆಗೆ ಒಂದೂ ದೂರು ಬಂದಿಲ್ಲ ಎಂದು ಎಲ್ಲರೆದುರು ಬೀಗಿದ್ದೆ. ಆ ಪುಟದ ಸಾಲೂ ಇಷ್ಟು ದಿನ ‘ಏನೇ ಬಂದರೂ ತರಕಾರಿ’ಯ ಕೆಳಗೇ ಇತ್ತಲ್ಲ…