ಮಗುವಿನ ಕೋಣೆಯ ವಾಸನೆ

ಹಳೇ ಮನೆ, ಎರಡನೇ ಮಹಡಿ
ತಾರೀಖು ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಕಡ್ಡೀ,

ಹೇಗಿದ್ದೀಯ? ಒಂದು ಮಗುವಿನ ತಾಯಿಯನ್ನು ಈಗಲೂ ಕಡ್ಡಿ ಅಂತ ಕರೆಯಬಹುದೋ ಬಾರದೋ ಗೊತ್ತಿಲ್ಲ. ಬೇರೆ ಏನಾದರೂ ಬರೆದರೆ ಈ ಕಾಗದ ಬೇರೆ ಯಾರಿಗೋ ಹೋಗಿಬಿಡುತ್ತದೆ ಅನ್ನಿಸಿತು, ಅದಕ್ಕೇ ಹಾಗೇ ಬರೆದೆ. ನಿನ್ನ ಸೊಂಟದ ನೋವು ಹೇಗಿದೆ? ಅಳಿಯಂದಿರು ಆರೋಗ್ಯವೇ? ಮಗುವಿಗೆ ಏಳು ತಿಂಗಳಾಯಿತು, ಇಷ್ಟರಲ್ಲಿ ಕೂರಲು ಶುರುಮಾಡಿರಬೇಕು. ನೀನು ಎಂಟಕ್ಕೆ ಕೂತೆ, ಆಮೇಲೆ ಒಂದು ಕಡೆ ಕೂತದ್ದೇ ಇಲ್ಲ. ನಾನು ಚೆನ್ನಾಗಿದ್ದೇನೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ, ತಿನ್ನುವವನೂ ನಾನೇ ಆದ್ದರಿಂದ ದೂರು ಹೇಳುವವರಿಲ್ಲ.

ಗುರುವಾರ ನಿನ್ನ ಫೋನು ಬಂದಾಗ ಬಟ್ಟೆ ಒಣಗಿಹಾಕುತ್ತಿದ್ದೆ. ತಿಂಗಳಿಗೊಂದು ಸಲ "ಊಟ ಆಯ್ತಾ, ಆಯ್ತು, ನಿಂದಾಯ್ತಾ, ಆಯ್ತು" ಎಂದು ಮುಗಿದುಹೋಗುವ ನಮ್ಮ ಮಾತು ಅವತ್ತು ನಾಲ್ಕು ನಿಮಿಷ ನಡೆಯಿತು. ಮಗುವಿನ ಕೋಣೆಯ ಎಸಿ ಕೆಟ್ಟ ವಾಸನೆ ಬಿಡುತ್ತಿದೆ, ಕಂಪನಿಯವರು ಎರಡು ಸಲ ಬಂದು ಏನೋ ಸೆಂಟು ಹೊಡೆದು ಹೋದರು, ಮೂರೇ ದಿನಕ್ಕೆ ಮತ್ತೆ ಅದೇ ಕಥೆ ಅಂದೆ ನೀನು. ಕೊನೆಗೆ "ನೀನೇ ಒಂದ್ಸಲ ಬಂದು ಮೂಸಿ ನೋಡಪ್ಪಾ" ಅಂದೆ. ನೀನು ಊರು ಬಿಟ್ಟ ಈ ನಾಲ್ಕು ವರ್ಷದಲ್ಲಿ ನಿನ್ನ ಬಾಯಿಂದ ಬಾ ಅನ್ನುವ ಮಾತು ಬಂದದ್ದು ಅದೇ ಮೊದಲು. ಮಗು ಹುಟ್ಟಿದಾಗಲೂ ಬಾ ಅಂತ ನೀನು ಹೇಳಲಿಲ್ಲ, ಬರಲಾ ಅಂತ ನಾನು ಕೇಳಲಿಲ್ಲ. ಮೊಮ್ಮಗಳ ಮುಖ ಫೋಟೋದಲ್ಲಿ ನೋಡಿ ಸುಮ್ಮನಾದೆ. ಈಗ ನೀನು ಕರೆದರೆ ನಾನು "ಹ್ಞೂಂ, ನೋಡೋಣ" ಅಂದು ಫೋನಿಟ್ಟೆ. ಮೂರು ದಿನದಿಂದ ಆ ಹ್ಞೂಂ ಮನೆಯೆಲ್ಲ ಸುತ್ತುತ್ತಿದೆ.

ವಿಷಯ ಏನೆಂದರೆ, ಸದ್ಯಕ್ಕೆ ಬರಲು ಆಗುವುದಿಲ್ಲ. ಮೊಣಕಾಲು ಹಿಡಿದುಕೊಂಡಿದೆ, ಏಣಿ ಹತ್ತಲು ಕಷ್ಟ. ಬೇಸಿಗೆ ಬೇರೆ, ಎಲ್ಲರಿಗೂ ನಮ್ಮಂಥ ಎಸಿ ರಿಪೇರಿಯವರ ನೆನಪಾಗುವ ಕಾಲ. ಅಲ್ಲದೆ ಅಷ್ಟು ದೂರ ಬಸ್ಸಿನಲ್ಲಿ ಕೂತರೆ ಕಾಲು ಊದುತ್ತದೆ. ಅದಕ್ಕೇ ನನಗೆ ತಿಳಿದಿದ್ದನ್ನೆಲ್ಲ ಬರೆಯುತ್ತೇನೆ, ನೀನೇ ನೋಡಿಕೊಳ್ಳಬಹುದು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನೀನು ಊರವರ ಮದ್ದೆಲ್ಲ ಮುಗಿಸಿಕೊಂಡು ಕೊನೆಗೆ ಹಿತ್ತಲಿಗೇ ಬಂದೆಯಲ್ಲ, ಅದೇ ದೊಡ್ಡದು.

ಮೊದಲು ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆದು ತೊಳೆ. ಅದು ಬಲೆಯಂಥ ಹಾಳೆ, ಕೈಯಲ್ಲೇ ಬರುತ್ತದೆ, ಜೋರು ಮಾಡಬೇಡ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಹಾಕು. ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಎರಡು ದಿನ ಮರೆತಂಥ ವಾಸನೆಯಾದರೆ ತಪ್ಪು ಫಿಲ್ಟರಿನದಷ್ಟೇ ಅಲ್ಲ, ಅದರ ಹಿಂದಿನ ಕಾಯಿಲಿನದು. ತಣ್ಣಗಾಗುವ ಆ ಕಂಬಿಗಳ ಮೇಲೆ ನೀರು ಕೂರುತ್ತದೆ, ನೀರಿಗೆ ಧೂಳು ಅಂಟುತ್ತದೆ, ಧೂಳಿನಲ್ಲಿ ಬೂಷ್ಟು ಮನೆ ಕಟ್ಟುತ್ತದೆ. ಅದರ ಮೇಲೆ ಸೆಂಟು ಹೊಡೆಯುವುದೆಂದರೆ ಸ್ನಾನ ಬಿಟ್ಟು ಪೌಡರ್ ಬಳಿದುಕೊಂಡ ಹಾಗೆ. ಕಾಯಿಲ್ ತೊಳೆಸು. ಆಮೇಲೆ ಪ್ರತಿ ಸಲ ಆರಿಸುವ ಮೊದಲು ಇಪ್ಪತ್ತು ನಿಮಿಷ ಬರೀ ಫ್ಯಾನು ಓಡಿಸು, ಒಳಗೆ ಒಣಗುತ್ತದೆ. ಯಾರೂ ಮಾಡುವುದಿಲ್ಲ. ನೀನೂ ನಾಲ್ಕು ದಿನ ಮಾಡಿ ಬಿಡುತ್ತೀಯ, ನನಗೆ ಗೊತ್ತು.

ಚರಂಡಿ ವಾಸನೆಯಾದರೆ ಕಥೆ ಬೇರೆ. ಎಸಿಯ ನೀರು ಹೋಗುವ ಸಣ್ಣ ಪೈಪು ಎಲ್ಲಿ ಹೋಗಿ ಮುಗಿಯುತ್ತದೆ ನೋಡು. ಬಚ್ಚಲ ಮೋರಿಗೆ ನೇರವಾಗಿ ತುರುಕಿದ್ದರೆ ನೀರು ಹೋದ ದಾರಿಯಲ್ಲೇ ವಾಸನೆ ವಾಪಸು ಬರುತ್ತದೆ. ಒಂದು ಮನೆಯಲ್ಲಿ ಗಂಡ ಹೆಂಡತಿ ವಾಸನೆಗೆ ಕಾರಣ ಯಾರೆಂದು ಒಬ್ಬರ ಮೇಲೊಬ್ಬರು ಹಾಕಿ ಮಾತು ಬಿಟ್ಟಿದ್ದರು, ಪೈಪು ತೆಗೆದು ಹೊರಗೆ ಬಿಟ್ಟ ಸಂಜೆ ರಾಜಿಯಾದರು. ಬೇರೆಯವರ ಸಂಸಾರದಲ್ಲಿ ಮೂಗು ತೂರಿಸುವುದೇ ನನ್ನ ಕಸುಬಾಗಿತ್ತಲ್ಲ. ಇನ್ನು ಏನೋ ಕೊಳೆತಂತಿದ್ದರೆ ಹಲ್ಲಿಯೋ ಇಲಿಯೋ ಒಳಗೆ ಹೋಗಿ ಸತ್ತಿರುತ್ತದೆ. ಅಂಥ ಕೆಲಸ ಮಾಡಿಬಂದ ದಿನ ನಿಮ್ಮಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಾಲರ್ ಮೂಸಿ, "ಇವತ್ತು ಹಲ್ಲಿ ತಾನೆ? ಅಂಗಿ ಅಲ್ಲೇ ಬಿಚ್ಚಿ ಒಳಗೆ ಬನ್ನಿ" ಅನ್ನುತ್ತಿದ್ದಳು. ಮೂಸಿಯೇ ಎಸಿಯ ರೋಗ ಹೇಳುತ್ತಾನೆಂದು ಊರೆಲ್ಲ ನನ್ನನ್ನು ಮೂಗಿನ ಮೇಸ್ತ್ರಿ ಅಂದರೂ ನಿಜವಾದ ಮೇಸ್ತ್ರಿ ಅವಳೇ. ಅವಳು ಹೋಗಿ ಐದು ವರ್ಷ. ಈಗ ನಾನು ಯಾವ ಮನೆಗೆ ಹೋಗಿ ಬಂದೆನೆಂದು ಹೊಸ್ತಿಲಲ್ಲಿ ಯಾರೂ ಕೇಳುವುದಿಲ್ಲ, ಸೀದಾ ಒಳಗೆ ಬಂದುಬಿಡುತ್ತೇನೆ.

ಇದನ್ನು ಮಾತ್ರ ಎರಡು ಸಲ ಓದು. ಸುಟ್ಟ ವಾಸನೆ ಬಂದರೆ, ಸ್ವಲ್ಪವೇ ಬಂದರೂ, ತಕ್ಷಣ ಆರಿಸು. ರಿಮೋಟಿನಲ್ಲಲ್ಲ, ಗೋಡೆಯ ಸ್ವಿಚ್ಚಿನಲ್ಲಿ. ಮಗುವನ್ನು ಎತ್ತಿಕೊಂಡು ಹೊರಗೆ ಬಾ. ಯಾವ ಮೆಕ್ಯಾನಿಕ್ ಬಂದು ಏನಿಲ್ಲ ಧೂಳು ಅಂದರೂ ನಂಬಬೇಡ. ನಿನ್ನ ಮೂಗು ಹೇಳಿದ್ದನ್ನೇ ನಂಬು.

ಇಷ್ಟು ಬರೆದೆನಲ್ಲ, ಇನ್ನೊಂದನ್ನೂ ಬರೆದುಬಿಡುತ್ತೇನೆ. ನಿನ್ನ ಹಳೆಯ ಆಫೀಸಿಗೆ ನಾನು ಎಸಿ ತೊಳೆಯಲು ಬಂದ ದಿನ. ಅದು ನಿನ್ನ ಆಫೀಸೆಂದು ನನಗೆ ಮೊದಲೇ ಗೊತ್ತಿತ್ತು. ಮಗಳು ಕೂರುವ ಜಾಗ ನೋಡೋಣವೆಂದು ಬೇರೆಯವರ ಸರದಿ ಕೇಳಿ ಪಡೆದು ಬಂದಿದ್ದೆ. ಮೂರನೇ ಸಾಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ ನೀನು. ನಿನ್ನ ತಲೆಯ ಮೇಲಿನ ಮಷೀನಿನಿಂದ ಇಳಿದ ಕಪ್ಪು ನೀರು ನನ್ನ ನೀಲಿ ಬಕೆಟ್ಟಿಗೆ ತುಂಬುತ್ತಿತ್ತು, ಸುತ್ತ ಎಲ್ಲರೂ ಮೂಗು ಮುಚ್ಚಿಕೊಂಡರು. ನೀನೂ ಕರ್ಚೀಫು ತೆಗೆದೆ. ನಮ್ಮಿಬ್ಬರ ಕಣ್ಣು ಕೂಡಿದವು. ನಿನಗೆ ಮುಜುಗರ ಆಗಬಾರದು ಅಂದುಕೊಂಡು ನಾನೇ ಮುಂದಾಗಿ "ಮೇಡಂ, ಸ್ವಲ್ಪ ಕುರ್ಚಿ ಪಕ್ಕಕ್ಕೆ" ಅಂದುಬಿಟ್ಟೆ. ನಿನಗೆ ಉಪಕಾರ ಮಾಡಿದೆನೆಂದು ನನ್ನ ಎಣಿಕೆ. ಸಂಜೆ ನೀನು ಊಟ ಮಾಡಲಿಲ್ಲ. "ನಾನು ಅಪ್ಪಾ ಅನ್ನೋಕೆ ಬಾಯಿ ತೆಗೆದಿದ್ದೆ. ನೀನು ಮೇಡಂ ಅಂದೆ" ಅಂದೆ, ಅಷ್ಟೆ. ನಾನು ತಟ್ಟೆ ತೊಳೆದೆ. ಒಂದು ತಿಂಗಳಿಗೆ ನಿನಗೆ ಬೇರೆ ಊರಿನ ಕೆಲಸ, ಆಮೇಲೆ ಮದುವೆ, ಅದಕ್ಕೆ ನಾನು ನೆಂಟರ ಹಾಗೆ ಬಂದು ಉಂಡು ಹೊರಟದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪು ನಿನ್ನದಲ್ಲ ಕಡ್ಡಿ, ಕರ್ಚೀಫಿನದೂ ಅಲ್ಲ. ಆ ವಾಸನೆಗೆ ನಾನೇ ಆಗಿದ್ದರೂ ಮೂಗು ಮುಚ್ಚುತ್ತಿದ್ದೆ.

ಇಲ್ಲಿ ಹೊಸದೇನಿಲ್ಲ. ಕೆಳಗಿನ ಮನೆಯವರು ಖಾಲಿ ಮಾಡಿದರು, ಮೆಟ್ಟಿಲ ಮೇಲೆ ಸದ್ದೇ ಇಲ್ಲ. ನಿನ್ನ ಕೋಣೆಯ ಕಿಟಕಿ ವಾರಕ್ಕೊಮ್ಮೆ ತೆಗೆದು ಗಾಳಿಯಾಡಿಸುತ್ತೇನೆ. ಮುಚ್ಚಿಟ್ಟ ಕೋಣೆಗೂ ಒಂದು ವಾಸನೆ ಬರುತ್ತದೆ, ಅದಕ್ಕೆ ಎಸಿಯೇ ಬೇಕಿಲ್ಲ. ಸಂಜೆ ಬೇಜಾರಾದರೆ ಟೀವಿ ಹಾಕುತ್ತೇನೆ, ಯಾರಾದರೂ ಮಾತಾಡುತ್ತಿರಲಿ ಅಂತ.

ಅಳಿಯಂದಿರಿಗೆ ನೆನಪು ಹೇಳು. ಮೊಮ್ಮಗಳು ನೂರು ವರ್ಷ ಗಟ್ಟಿಯಾಗಿ ಬಾಳಲಿ, ನಿನ್ನ ಹಾಗೆ ಹಟ ಮಾಡಲಿ. ನೀನು ಹೊತ್ತಿಗೆ ಸರಿಯಾಗಿ ತಿನ್ನು.

ಇಂತಿ ನಿನ್ನ
ಅಪ್ಪ

ಮರೆತದ್ದು, ಸೋಮವಾರ: ನಿನ್ನೆಯೇ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ. ಅಂಚೆಯವನು ಡಬ್ಬಿ ತೆಗೆಯಲು ಬರುವ ಹೊತ್ತಾಯಿತು, ಅಕ್ಷರ ಸೊಟ್ಟ ಇದ್ದರೆ ಓದಿಕೋ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ನನಗೆ ವಾಸನೆ ಗೊತ್ತಾಗುತ್ತಿಲ್ಲ. ಕಳೆದ ವರ್ಷ ಒಂದು ವಾರ ಜ್ವರ ಬಂದಿತ್ತು, ನಿನಗೆ ಹೇಳಿರಲಿಲ್ಲ. ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನು ಕರೆದುಕೊಂಡು ಹೋಯಿತು. ದಿನಾ ಬೆಳಿಗ್ಗೆ ಸೋಪು, ಈರುಳ್ಳಿ, ಸೀಮೆಎಣ್ಣೆ ಮೂಸಿ ನೋಡುತ್ತೇನೆ, ಮೂರೂ ಬರೀ ನೀರು. ವಾಸನೆ ವಾಪಸು ಬಂದರೂ ಬರಬಹುದು ಅಂತ ಡಾಕ್ಟರು ಅಂದಿದ್ದಾರೆ. ಯಾರಿಗೂ ಹೇಳದೆ ಕೆಲಸಕ್ಕೆ ಹೋಗುತ್ತಿದ್ದೆ, ಮೂಗಿನ ಮೇಸ್ತ್ರಿಗೆ ಮೂಗಿಲ್ಲ ಅಂದರೆ ಯಾರು ಕರೆಯುತ್ತಾರೆ? ಎರಡು ತಿಂಗಳ ಹಿಂದೆ ಒಬ್ಬ ರಿಟೈರಾದ ಟೀಚರಮ್ಮ, ಅವರೂ ಒಬ್ಬರೇ, ಎಸಿಯಿಂದ ಸುಟ್ಟ ವಾಸನೆ ಬರ್ತಿದೆ ಅಂದರು. ನಾನು ದೊಡ್ಡದಾಗಿ ಉಸಿರೆಳೆದು ನಾಟಕ ಮಾಡಿ, "ಏನಿಲ್ಲಮ್ಮ, ಧೂಳು" ಅಂದೆ. ಮೂರನೇ ದಿನ ಪ್ಲಗ್ಗಿನ ವೈರು ಹೊತ್ತಿಕೊಂಡು ಗೋಡೆಯೆಲ್ಲ ಕಪ್ಪು. ಅವರು ಹೊರಗಿದ್ದರು, ಉಳಿದರು. ಬೈಯಲೂ ಇಲ್ಲ. "ನೀವು ಇಲ್ಲ ಅಂದ್ಮೇಲೆ ನನ್ನ ಮೂಗೇ ಸರಿಯಿಲ್ಲ ಅಂದ್ಕೊಂಡೆ" ಅಂದರು. ಅವತ್ತಿನಿಂದ ವಾಸನೆಯ ಕೆಲಸಕ್ಕೆ ಹೋಗಿಲ್ಲ. ನಿನ್ನ ಮಗುವಿನ ಕೋಣೆಯಲ್ಲಿ ನಿಂತು ಅದೇ ನಾಟಕ ಆಡಲು ನನ್ನಿಂದ ಆಗುವುದಿಲ್ಲ. ನೀನು ಕರೆದದ್ದು ನನ್ನ ಮೂಗನ್ನು, ಅದು ಇಲ್ಲದೆ ಯಾವ ಮುಖ ಇಟ್ಟುಕೊಂಡು ಬರಲಿ ಅಂತ ಇಷ್ಟುದ್ದ ಬರೆದೆ.

ಆದರೆ ಬರಬೇಕು ಅನ್ನಿಸುತ್ತಿದೆ, ತುಂಬಾ. ಮಗುವಿನ ನೆತ್ತಿಯ ವಾಸನೆ ನನಗೆ ಸಿಗುವುದಿಲ್ಲ, ಎತ್ತಿಕೊಳ್ಳಲಿಕ್ಕಾದರೂ ಆಗುತ್ತದಲ್ಲ. ನೀನು ಪಕ್ಕದಲ್ಲಿ ನಿಂತು ಮೂಸಿ ಏನನ್ನಿಸುತ್ತದೋ ಹೇಳುತ್ತಿರು, ಎಲ್ಲಿ ಕೈ ಹಾಕಬೇಕೆಂದು ನನಗೆ ಗೊತ್ತು. ಶುಕ್ರವಾರದ ಬಸ್ಸಿದೆ. ಬೇಡ ಅನ್ನುವುದಾದರೆ ಗುರುವಾರದೊಳಗೆ ಫೋನು ಮಾಡು. ನೀಲಿ ಬಕೆಟ್ಟು, ಕೆಲಸದ ಖಾಕಿ ಅಂಗಿ ಎರಡನ್ನೂ ಮೂರು ಸಲ ತೊಳೆದು ಬಿಸಿಲಿಗಿಟ್ಟಿದ್ದೇನೆ. ವಾಸನೆ ಹೋಗಿದೆಯೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ನಿಮ್ಮಮ್ಮನ ಹಾಗೆ ಬಾಗಿಲಲ್ಲೇ ನಿಲ್ಲಿಸಿ ನೀನೇ ಹೇಳಬೇಕು.