ಐವತ್ತು ತುಂಬಿದವರ ಪಾರ್ಕು

ಮೇಬಲ್‌ಥಾರ್ಪ್
14 ಅಕ್ಟೋಬರ್ 2019

ಪ್ರೀತಿಯ ಲೆನ್ನಿ,

ಹೇಗಿದ್ದೀಯೋ? ಮೂರು ವರ್ಷ ಒಂದು ಸಾಲೂ ಬರೆಯದ ಅಕ್ಕ ಈಗ ಏಕಾಏಕಿ ಕಾಗದ ಹಾಕಿದ್ದಾಳೆ ಅಂದರೆ ಯಾರೋ ಹೋಗಿಬಿಟ್ಟಿರಬೇಕು ಎಂದು ಗಾಬರಿಯಾಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು. ಪ್ರತಿ ಭಾನುವಾರ ಬರೆಯಲು ಕೂರುತ್ತಿದ್ದೆ, ಒಂದು ಲೋಟ ಚಹಾ ಕುಡಿದು ಎದ್ದುಬಿಡುತ್ತಿದ್ದೆ.

ಸುದ್ದಿ ಏನೆಂದರೆ, ಈ ಗಾಲಿಮನೆಗಳ ಪಾರ್ಕಿನಲ್ಲಿದ್ದ ನನ್ನ ಮನೆಯನ್ನು ಮಾರಿದೆ. ಹಾರ್ನ್‌ಕಾಸಲ್‌ನಲ್ಲಿ ಎರಡು ಕೋಣೆಯ ಇಟ್ಟಿಗೆ ಮನೆಯೊಂದನ್ನು ನೋಡಿಟ್ಟಿದ್ದೆ. ಇದಕ್ಕೆ ಸರಿಯಾದ ಬೆಲೆ ಬರದಿದ್ದರೆ ಅದು ಕೈತಪ್ಪುತ್ತಿತ್ತು. ಏನೇ ಆಗಲಿ ಅದನ್ನು ಬಿಡುವುದಿಲ್ಲ ಎಂದು ಹಟ ಹಿಡಿದೆ.

ಪಾರ್ಕಿನ ಮಾಲೀಕ ಓರ್ಮ್ಸ್‌ಬಿಯನ್ನು ನೀನು ಮರೆತಿರಲಾರೆ. ಇಲ್ಲಿ ಮನೆ ನಮ್ಮದು, ಅದು ನಿಂತ ನೆಲ ಅವನದು. ಅಷ್ಟಕ್ಕೇ ನಮ್ಮ ತಲೆಯ ಮೇಲೆ ಕೂತಿದ್ದಾನೆ. ಯಾರಾದರೂ ಮನೆ ಮಾರಹೊರಟರೆ, ನೋಡಲು ಬಂದವರನ್ನು ಗೇಟಿನಲ್ಲೇ ಹಿಡಿದು ಹೆದರಿಸಿ ಓಡಿಸುತ್ತಾನೆ. ಆಮೇಲೆ ಮೂರುಕಾಸಿಗೆ ತಾನೇ ಕೊಂಡುಕೊಳ್ಳುತ್ತಾನೆ. ನನ್ನ ಮೊದಲ ಗಿರಾಕಿಗೂ, "ಆ ಮನೇನಾ? ನೆಲ ಎಲ್ಲಾ ಕೊಳ್ತು ಹೋಗಿದೆ, ಇನ್ನೆರಡು ವರ್ಷಕ್ಕೆ ಎತ್ತಂಗಡಿ" ಎಂದನಂತೆ. ಮಾರನೇ ದಿನ ನನ್ನ ಬಾಗಿಲಿಗೆ ಬಂದು, "ಏನಮ್ಮಾ ಗ್ವೆಂಡಾ, ಸುಮ್ನೆ ಯಾಕೆ ಒದ್ದಾಡ್ತೀಯಾ? ನಂಗೇ ಕೊಟ್ಬಿಡು" ಎಂದು ಹಲ್ಲುಕಿರಿದ.

"ನಿಂಗೆ ಕೊಡೋ ಬದ್ಲು ಕೊಡಲಿ ತಗೊಂಡು ನಾನೇ ಸೌದೆ ಮಾಡ್ಕೋತೀನಿ, ಹೋಗಯ್ಯ" ಎಂದೆ. ಅವನ ಮುಖಕ್ಕೇ ಬಾಗಿಲು ಹಾಕಿದೆ.

ಬಸ್ಸು ಹತ್ತಿ ಉಚಿತ ಕಾನೂನು ಸಲಹೆ ಕೊಡುವ ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗಿ, "ಕೊಳ್ಳೋರು ಅವನ ಮುಖ ನೋಡ್ಲೇಬೇಕು ಅಂತ ಯಾವ ಕಾನೂನೂ ಇಲ್ಲ. ಮಾರಿದ ಬೆಲೇಲಿ ನೆಲದ ಮಾಲೀಕನ ಕಮಿಷನ್ ಅಂತ ಒಂದು ಪಾಲು ಅವನಿಗೆ ಹೋಗತ್ತೆ, ಅಷ್ಟೇ. ಆದ್ರೆ ಪಾರ್ಕಿನ ನಿಯಮಗಳ ಕಾಗದ ಮಾತ್ರ ನೀವೇ ಅವರ ಕೈಗೆ ಕೊಡ್ಬೇಕು" ಎಂದಳು.

ಮುಂದಿನ ಗಿರಾಕಿ ನೆಸ್ಟಾ, ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಳಾದವಳು, ಒಳ್ಳೇ ದಢೂತಿ ಹೆಂಗಸು. ಅವಳನ್ನು ನಾನೇ ಬಸ್ ಸ್ಟಾಪಿನಲ್ಲಿ ಎದುರುಗೊಂಡು, ಸಮುದ್ರದ ಕಡೆಯ ಹಾದಿಯಿಂದ, ಕಸದ ತೊಟ್ಟಿಗಳ ಸಂದಿಯಲ್ಲಿ ಕರೆತಂದೆ. ಅಷ್ಟಾದರೂ ಓರ್ಮ್ಸ್‌ಬಿ ವಾಸನೆ ಹಿಡಿದು ಬಂದೇಬಿಟ್ಟ. "ನೆಲ ಹುಷಾರು ಕಣಮ್ಮಾ, ಕೊಳ್ತಿದೆ" ಎಂದು ಬಾಗಿಲಲ್ಲೇ ರಾಗ ತೆಗೆದ.

ನೆಸ್ಟಾ ಅಡುಗೆಮನೆಯ ನಡುವೆ ನಿಂತು ಧಡ್ ಧಡ್ ಧಡ್ ಎಂದು ಮೂರು ಸಲ ಹಾರಿದಳು. ಕಪಾಟಿನ ಬಸಿಗಳು ಗಲಗಲ ಎಂದವು, ನೆಲ ಮಾತ್ರ ಅಲುಗಲಿಲ್ಲ. "ನನ್ನೇ ತಡ್ಕೊಂಡಿದೆ. ನಿಮ್ಗೆ ಅನುಮಾನ ಇದ್ರೆ ಬನ್ನಿ, ಜೊತೇಲಿ ಕುಣಿಯೋಣ" ಎಂದಳು. ಅವನು ಸುಟ್ಟ ಬದನೆಕಾಯಿಯಂತೆ ಮುಖ ಮಾಡಿಕೊಂಡು ನಡೆದ. ನನಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

ಮೊನ್ನೆ ಸಹಿಯಾಯಿತು. ಶನಿವಾರ ನೆಸ್ಟಾಗೆ ಕೀಲಿ ಕೊಟ್ಟು ಹಾರ್ನ್‌ಕಾಸಲ್‌ಗೆ ಹೋಗುತ್ತೇನೆ. ಅಲ್ಲಿನ ಎರಡನೇ ಕೋಣೆಗೆ ಮಂಚ ಆಗಲೇ ಬಂದಿದೆ. ಅದು ನಿನ್ನದು; ಬಂದರೂ ಸರಿ, ಬಾರದಿದ್ದರೂ ಅಲ್ಲಿ ಬೇರೆ ಯಾರನ್ನೂ ಮಲಗಿಸುವುದಿಲ್ಲ. ಚಳಿ ಶುರುವಾಗಿದೆ, ಎದೆ ಬೆಚ್ಚಗಿಟ್ಟುಕೋ. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಗ್ವೆಂಡಾ

ತಾ.ಕ.: ನೆಸ್ಟಾಗೆ ಕೊಡುವ ಮುಂಚೆ ಆ ನಿಯಮಗಳ ಕಾಗದವನ್ನು ಮೊದಲ ಸಲ ಪೂರ್ತಿ ಓದಿದೆ. ಐದು ವರ್ಷ ನನ್ನ ಡ್ರಾಯರಿನಲ್ಲೇ ಬಿದ್ದಿತ್ತು. ಮೂರು ವರ್ಷದ ಹಿಂದೆ ಸಂಸಾರ ಮುರಿದು ನೀನು ಸೂಟ್‌ಕೇಸ್ ಹಿಡಿದು ಬಂದ ದಿನ, "ಹದಿನೈದೇ ದಿನ ಇರ್ತೀನಿ ಅಕ್ಕಾ" ಎಂದೆ. "ಐವತ್ತು ತುಂಬದೋರು ಇಲ್ಲಿ ಇರೋ ಹಾಗಿಲ್ಲ" ಎಂದ ಓರ್ಮ್ಸ್‌ಬಿ. ಆಗ ನಿನಗೆ ನಲವತ್ತೆಂಟು. "ನಿಯಮ ಕಣೋ, ನಾನೇನು ಮಾಡ್ಲಿ" ಎಂದು ಕಳಿಸಿಬಿಟ್ಟೆ. ಆ ಚಳಿಗಾಲವೆಲ್ಲ ನೀನು ವ್ಯಾನಿನಲ್ಲಿ ಮಲಗುತ್ತಿದ್ದೆ ಎಂದು ಆಮೇಲೆ ಕೇಳಿದೆ. ಏಳನೇ ನಿಯಮ ಹೀಗಿದೆ: ನೆಂಟರು ಯಾವ ವಯಸ್ಸಿನವರಾದರೂ ನಾಲ್ಕು ವಾರ ಉಳಿಯಬಹುದು. ಸುಳ್ಳು ಹೇಳಿದವನು ಅವನೇ, ನಿಜ. ಆದರೆ ಅವನು ಹಾಗೆಂದಾಗ ನನಗೆ ಒಳಗೊಳಗೇ ಹಗುರವಾಗಿತ್ತು, ಲೆನ್ನಿ. ಅದಕ್ಕೇ ಅವತ್ತು ಡ್ರಾಯರ್ ತೆಗೆಯಲಿಲ್ಲ.